ಟೈಟಾನಿಯಂನಲ್ಲಿ ಎಂ3 ತ್ರೆಡ್: ಹದಿನಾಲ್ಕು ಟ್ಯಾಪ್ ಮುರಿದ ಮೇಲೆ

ಪೀಣ್ಯದಲ್ಲಿ ನಮ್ಮದು ಸಣ್ಣ ಶೆಡ್. ಒಂದು ಸಿಎನ್‌ಸಿ ಲೇತ್, ಒಂದು ಹಳೇ ವಿಎಂಸಿ, ಅಂದರೆ ಕಂಪ್ಯೂಟರ್ ನಡೆಸೋ ಮಿಲ್ಲಿಂಗ್ ಮೆಷಿನ್. ವಿಎಂಸಿ ಸ್ಪಿಂಡಲ್ ನಿಮಿಷಕ್ಕೆ 6000 ಸುತ್ತು ದಾಟಲ್ಲ. ಎರಡು ವರ್ಷದ ಹಿಂದೆ ಗ್ರೇಡ್ 5 ಟೈಟಾನಿಯಂ ಬ್ರಾಕೆಟ್ ಆರ್ಡರ್ ಬಂತು. 60 ಪೀಸ್, ಒಂದೊಂದರಲ್ಲೂ ಎಂಟು ಎಂ3 ತೂತು (3 ಎಂಎಂ ಸ್ಕ್ರೂ ಕೂರೋ ತ್ರೆಡ್), ಎಲ್ಲವೂ ಬ್ಲೈಂಡ್, ಅಂದರೆ ಆಚೆ ಬದಿಗೆ ದಾಟದವು. ಪಕ್ಕದ ಶೆಡ್‌ನವರು ಡ್ರಾಯಿಂಗ್ ನೋಡಿ, "ಬೇಡ ಗುರು, ಇದು ದೊಡ್ಡ ಮೆಷಿನ್ ಇರೋರ ಕೆಲಸ, ಸುಮ್ನೆ ಇಎನ್8 ಉಕ್ಕಿನ ಕೆಲಸ ಮಾಡ್ಕೊಂಡಿರು" ಅಂದರು. ಆ ಮಾತಿಗೇ ಹಠ ಹತ್ತಿತು.

ಮೊದಲ ದಿನವೇ ಪೆಟ್ಟು. 10 ಎಂಎಂ ಎಂಡ್‌ಮಿಲ್ಲನ್ನು ಇಎನ್8ಗೆ ಓಡಿಸುವ ಹಾಗೆ 4000ಕ್ಕೆ ಬಿಟ್ಟೆ. ಎರಡನೇ ಪೀಸ್ ಮುಗಿಯೋ ಮೊದಲೇ ಮೂಲೆಗಳು ಸುಟ್ಟು ಕಪ್ಪಾಗಿದ್ದವು. ಈ ಲೋಹ ಬಿಸಿಯನ್ನು ಒಳಗೆ ಎಳೆದುಕೊಳ್ಳಲ್ಲ, ಕೆತ್ತಿ ಬೀಳೋ ಚಿಪ್ಪಿನ ಜೊತೆಗೂ ಹೆಚ್ಚು ಹೋಗಲ್ಲ, ಎಲ್ಲಾ ಟೂಲ್ ತುದಿಗೇ ಕೂರುತ್ತದೆ. 1600ಕ್ಕೆ ಇಳಿಸಿ, ಫೀಡ್ (ಟೂಲ್ ಮುಂದೆ ಸಾಗೋ ವೇಗ) ನಿಮಿಷಕ್ಕೆ 300 ಎಂಎಂ ಆಸುಪಾಸು ಇಟ್ಟು, ಕೂಲೆಂಟ್ ಧಾರಾಳವಾಗಿ ಬಿಟ್ಟ ಮೇಲೆ ಮಿಲ್ಲಿಂಗ್ ದಾರಿಗೆ ಬಂತು. ಟೂಲ್ ಎಲ್ಲೂ ನಿಂತು ಉಜ್ಜಬಾರದು, ಅಷ್ಟೇ. ಉಜ್ಜಿದ ಜಾಗ ಗಟ್ಟಿಯಾಗಿ, ಮುಂದಿನ ಪಾಸ್‌ನಲ್ಲಿ ಟೂಲನ್ನೇ ತಿನ್ನುತ್ತದೆ.

ಆದರೆ ಟ್ಯಾಪಿಂಗ್, ಅಂದರೆ ತೂತಿನೊಳಗೆ ಟ್ಯಾಪ್ ತಿರುಗಿಸಿ ತ್ರೆಡ್ ಕೊರೆಯೋದು! ಡ್ರಿಲ್ 2.5ರಿಂದ 2.6 ಎಂಎಂಗೆ ಏರಿಸಿದೆ, ಟ್ಯಾಪಿಂಗ್ ಪೇಸ್ಟ್ ಹಚ್ಚಿದೆ, ಕೈಯಲ್ಲೂ ಹೊಡೆದು ನೋಡಿದೆ. ಉಕ್ಕಿಗೆ ಹೋಲಿಸಿದರೆ ಬಗ್ಗದೆ ನಿಲ್ಲೋ ಬಿಗುವು ಟೈಟಾನಿಯಂಗೆ ಹೆಚ್ಚುಕಡಿಮೆ ಅರ್ಧ. ಕಟ್ ಆದ ಮೇಲೆ ತೂತು ಸ್ವಲ್ಪ ವಾಪಸ್ ಬಂದು ಟ್ಯಾಪನ್ನು ಹಿಡಿದುಕೊಳ್ಳುತ್ತದೆ, ಬಿಚ್ಚೋಕೆ ಹೋದರೆ ಟಕ್ ಅಂತ ಸದ್ದು. ಹದಿನಾಲ್ಕು ಸಲ ಆ ಸದ್ದು ಕೇಳಿದೆ. ಒಂದು ಟ್ಯಾಪ್ 850 ರೂಪಾಯಿ, ಒಳಗೆ ಮುರಿದು ಉಳಿದ ತುಂಡನ್ನು ಸ್ಪಾರ್ಕ್ ಮೆಷಿನ್‌ನಲ್ಲಿ ಸುಟ್ಟು ತೆಗೆಸೋಕೆ ತೂತಿಗೆ 300. ಐದು ಪೀಸ್ ಪೂರ್ತಿ ಸ್ಕ್ರ್ಯಾಪ್. ಮೆಟೀರಿಯಲ್ ಆಗ ಕೆ.ಜಿ.ಗೆ ಎರಡೂವರೆ ಸಾವಿರದ ಹತ್ತಿರ ಇತ್ತು. ಲೆಕ್ಕ ನೀವೇ ಹಾಕಿ, ನನಗೆ ಹಾಕೋಕೆ ಮನಸ್ಸಿಲ್ಲ.

ಕೊನೆಗೆ ಟ್ಯಾಪ್ ಬಿಟ್ಟು ತ್ರೆಡ್ ಮಿಲ್ ಹಿಡಿದೆ. ತೂತಿನೊಳಗೆ ಸುತ್ತುತ್ತಾ ತ್ರೆಡ್ ಕೊರೆಯೋ ಕಟ್ಟರ್ ಅದು. ಒಂದೇ ಹಲ್ಲಿನ ಕಾರ್ಬೈಡ್, ತೂತಿಗಿಂತ ಸಣ್ಣದು. ಮುರಿದರೂ ಒಳಗೆ ಕಚ್ಚಿಕೊಳ್ಳಲ್ಲ, ಚಿಮಟದಲ್ಲಿ ಎತ್ತಿ ಬಿಸಾಕಬಹುದು, ಪೀಸ್ ಉಳಿಯುತ್ತದೆ. "ಈ ಸ್ಪಿಂಡಲ್‌ನಲ್ಲಿ ಆಗಲ್ಲ" ಅಂತ ಟೂಲ್ ಮಾರುವವರೇ ಹೇಳಿದ್ದರು. 5500ಕ್ಕೆ ಓಡಿತು. ತಳದಿಂದ ಮೇಲಕ್ಕೆ ಸುತ್ತುತ್ತಾ ಬರಬೇಕು, ಎರಡು ಪಾಸ್, ಆಮೇಲೆ ಅದೇ ಸೈಜಿನಲ್ಲಿ ಇನ್ನೊಂದು ಖಾಲಿ ಸುತ್ತು. ಆ ಖಾಲಿ ಸುತ್ತಿಲ್ಲದೆ ತ್ರೆಡ್ ಸೈಜ್ ನೋಡೋ ಗೋ ಗೇಜ್ ಅರ್ಧಕ್ಕೇ ನಿಲ್ಲುತ್ತಿತ್ತು. ಮೊದಲ ಪಾಸ್‌ಗೆ ಎಷ್ಟು ಬಿಡುತ್ತೇನೆ, ಕೂಲೆಂಟ್ ಎಷ್ಟು ಗಟ್ಟಿ ಇಡುತ್ತೇನೆ ಅನ್ನೋದನ್ನು ಮಾತ್ರ ಕೇಳಬೇಡಿ, ಹೊಟ್ಟೆಪಾಡು ಅಲ್ವಾ. ಟ್ಯಾಪ್ ಆಗಿದ್ದರೆ ನಾಲ್ಕು ಸೆಕೆಂಡ್, ಇದಕ್ಕೆ ನಲವತ್ತು. ಆದರೂ ಒಂದು ಕಟ್ಟರ್ 180 ತೂತು ಎಳೆಯಿತು. ಪಕ್ಕದವರು ಬಂದು ಗೇಜ್ ಹಾಕಿ ನೋಡಿದರು, ಏನೂ ಅನ್ನಲಿಲ್ಲ. ಕಾಫಿ ಕುಡಿಸಿ ಕಳಿಸಿದೆ, ಪ್ರೋಗ್ರಾಂ ಕೊಡಲಿಲ್ಲ.

ಒಂದು ಸಂಜೆ ಗ್ರೈಂಡರ್ ಕಿಡಿ ಹಾರಿ ಟ್ರೇನಲ್ಲಿದ್ದ ಸಣ್ಣ ಚಿಪ್ಪಿಗೆ ಬೆಂಕಿ ಬಿತ್ತು. ಬಿಳಿ ಬೆಳಕು, ಕಣ್ಣು ಬಿಡೋಕಾಗಲ್ಲ. ಹುಡುಗ ಬಕೆಟ್ ನೀರು ಎತ್ತಿಕೊಂಡು ಓಡಿ ಬಂದ, ಕೈ ಹಿಡಿದು ನಿಲ್ಲಿಸಿದೆ. ಉರಿಯೋ ಟೈಟಾನಿಯಂಗೆ ನೀರು ಬಿದ್ದರೆ ಹೈಡ್ರೋಜನ್ ಬರುತ್ತದೆ, ಶೆಡ್ಡೇ ಹಾರಬಹುದು. ಒಣ ಮರಳು ಸುರಿದು ಬಿಟ್ಟೆವು. ಈಗ ಎರಡು ಡಬ್ಬ ಮರಳು ಬಾಗಿಲಲ್ಲೇ ಇರುತ್ತದೆ.

ಸ್ಕ್ರ್ಯಾಪ್ ಪೀಸ್‌ಗಳನ್ನು ಸುಮ್ನೆ ಬಿಡಲಿಲ್ಲ. ಅಡಿಗೆ ಸೋಡಾ ನೀರಲ್ಲಿ ಮುಳುಗಿಸಿ, ಪೀಸ್‌ಗೆ ಪ್ಲಸ್ ಕೊಟ್ಟು, 9 ವೋಲ್ಟ್ ಬ್ಯಾಟರಿ ಒಂದಕ್ಕೊಂದು ಸಿಕ್ಕಿಸಿದೆ. ಮೂರು ಬ್ಯಾಟರಿಗೆ ನೀಲಿ, ಆರಕ್ಕೆ ತಿಳಿ ಚಿನ್ನ, ಎಂಟಕ್ಕೆ ನೇರಳೆ. ಬಣ್ಣ ಹಚ್ಚಿದ್ದಲ್ಲ, ಮೇಲಿನ ಆಕ್ಸೈಡ್ ಪದರ ದಪ್ಪ ಆದಂತೆ ಬೆಳಕು ಹಾಗೆ ಕಾಣಿಸುತ್ತದೆ. ಎಂಟು ಬ್ಯಾಟರಿಗೆ ಕೈಗವಸು ಹಾಕಿಕೊಳ್ಳಿ, ನನಗೆ ಒಮ್ಮೆ ಚೆನ್ನಾಗೇ ಹೊಡೆದಿದೆ. ಮೊದಲು ಮಾಡಿದ ಕೀಚೈನ್ ಮೇಲೆ ನನ್ನ ಹೆಬ್ಬೆರಳ ಗುರುತು ಹಾಗೇ ಉಳಿದಿದೆ, ಎಣ್ಣೆ ಕೈಯಲ್ಲಿ ಮುಟ್ಟಿದ್ದೆ. ಮಗಳು ಅದನ್ನೇ ಬೇಕು ಅಂತ ಇಟ್ಟುಕೊಂಡಿದ್ದಾಳೆ.

ಈಗ ಎಂ2 ಕೆಲಸ ಬಂದಿದೆ. ಕಟ್ಟರ್ ತರಿಸಿದ್ದೇನೆ. ಸದ್ಯಕ್ಕೆ ಮೂರು ಮುರಿದಿವೆ.