ನಾರ್ತ್ ಡಕೋಟಾದಲ್ಲಿ ಪೈಲಟ್ ಓದಿದ್ದು

ಪಿಯುಸಿ ಮುಗಿಸಿದ ಮಕ್ಕಳ ಅಪ್ಪ ಅಮ್ಮಂದಿರು ಯಾರ ಯಾರದೋ ಮೂಲಕ ನನ್ನ ನಂಬರು ಹಿಡಿದು ಫೋನ್ ಮಾಡುತ್ತಾರೆ. ಎಲ್ಲರ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: ‘200 ಗಂಟೆ ಹಾರಿಸಿದರೆ ಲೈಸೆನ್ಸ್ ಕೊಡ್ತಾರಂತಲ್ಲ, ನೀವ್ಯಾಕೆ ಅಷ್ಟು ದೂರದ ಅಮೆರಿಕಕ್ಕೆ ಹೋಗಿ ನಾಲ್ಕು ವರ್ಷ ಓದಿದ್ರಿ?’ ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅವರು ಹೇಳುವುದರಲ್ಲಿ ತಪ್ಪಿಲ್ಲ. ನಮ್ಮ ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯಿಂದ ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಅಂದರೆ ಸಿಪಿಎಲ್, ಪಡೆಯಲು ಪದವಿ ಬೇಕಿಲ್ಲ. ನಾನು ಹೊರಟಾಗಿನ ನಿಯಮದಂತೆ ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇರಬೇಕು, ವಯಸ್ಸು 18 ತುಂಬಿರಬೇಕು, ಥಿಯರಿ ಪತ್ರಿಕೆಗಳಲ್ಲಿ ಶೇ. 70 ಅಂಕ ಬರಬೇಕು, 200 ಗಂಟೆ ಹಾರಾಟ ಆಗಿರಬೇಕು. ಅದರಲ್ಲಿ 100 ಗಂಟೆ ವಿಮಾನದ ಪೂರ್ತಿ ಹೊಣೆ ನಮ್ಮದೇ ಆಗಿರಬೇಕು. ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇದೆ. 2021ರಲ್ಲಿ ಏರ್‌ಪೋರ್ಟ್ಸ್ ಅಥಾರಿಟಿಯವರು ಹೊಸ ತರಬೇತಿ ಸಂಸ್ಥೆಗಳಿಗೆ ಜಾಗ ಕೊಟ್ಟ ಐದು ನಿಲ್ದಾಣಗಳಲ್ಲಿ ಬೆಳಗಾವಿ, ಕಲಬುರಗಿ ಎರಡೂ ಇದ್ದವು. ಆ ದಾರಿಯಲ್ಲಿ ಹೋಗಿ ಇವತ್ತು ಏರ್‌ಬಸ್ ಹಾರಿಸುತ್ತಿರುವ ಸ್ನೇಹಿತರು ನನಗಿದ್ದಾರೆ. ನಾನು ಅವರಿಗಿಂತ ಒಳ್ಳೆಯ ಪೈಲಟ್ ಎಂದು ಯಾವತ್ತೂ ಅನ್ನಿಸಿಲ್ಲ. ಆದರೆ ಕಾಲೇಜು ನನಗೆ ಏನು ಕೊಟ್ಟಿತು ಎಂಬುದು ಸ್ಪಷ್ಟವಾಗಿ ಗೊತ್ತಿದೆ.

ಹೊರಡುವ ಮುಂಚೆ ಮಾಡಬೇಕಾದ ಒಂದು ಕೆಲಸವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ಕೊನೆಗೆ ಮಾಡುವವರೇ ಹೆಚ್ಚು. ಯಾವ ಕಾಲೇಜಿಗೂ ಒಂದು ರೂಪಾಯಿ ಕಟ್ಟುವ ಮೊದಲು ಡಿಜಿಸಿಎ ಮೆಡಿಕಲ್ ಮಾಡಿಸಿ. ಮೊದಲು ಡಿಜಿಸಿಎ ಒಪ್ಪಿದ ವೈದ್ಯರ ಬಳಿ ಕ್ಲಾಸ್ ಟೂ ಎಂಬ ಮೊದಲ ಹಂತದ ತಪಾಸಣೆ, ಆಮೇಲೆ ಸಿಪಿಎಲ್‌ಗೆ ಬೇಕಾದ ಕ್ಲಾಸ್ ಒನ್. ನನ್ನ ಕ್ಲಾಸ್ ಒನ್ ಆಗಿದ್ದು ಬೆಂಗಳೂರಿನಲ್ಲೇ, ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ. ಕಣ್ಣು, ಕಿವಿ, ರಕ್ತ, ಇಸಿಜಿ, ಬಣ್ಣ ಗುರುತಿಸುವ ಪರೀಕ್ಷೆ, ಎಲ್ಲವನ್ನೂ ನಿಧಾನವಾಗಿ ನೋಡುತ್ತಾರೆ. ಅಮೆರಿಕದ ಮೆಡಿಕಲ್ ಪಾಸಾದರೆ ನಮ್ಮದೂ ಪಾಸಾಗುತ್ತದೆ ಎಂಬ ಲೆಕ್ಕ ಬೇಡ. ಓದು ಮುಗಿಸಿ ಬಂದ ಮೇಲೆ ಇಲ್ಲಿ ಕಣ್ಣಿನ ದೋಷ ತಿಳಿದರೆ ಸಾಲ ಮಾತ್ರ ಉಳಿಯುತ್ತದೆ.

ನಾನು ಸೇರಿದ್ದು ಗ್ರ್ಯಾಂಡ್ ಫೋರ್ಕ್ಸ್ ಊರಿನ ಯೂನಿವರ್ಸಿಟಿ ಆಫ್ ನಾರ್ತ್ ಡಕೋಟಾ. 1968ರಲ್ಲಿ ಜಾನ್ ಓಡೆಗಾರ್ಡ್ ಎಂಬ ಪ್ರಾಧ್ಯಾಪಕರು ಎರಡು ವಿಮಾನ ಇಟ್ಟುಕೊಂಡು ಶುರು ಮಾಡಿದ ವಿಭಾಗ ಅದು. ಈಗ ಆ ಶಾಲೆಗೆ ಅವರದೇ ಹೆಸರು. ಅಲ್ಲಿ ಹಾರಾಟವೂ ಒಂದು ವಿಷಯ, ಕೆಮಿಸ್ಟ್ರಿ ಇದ್ದ ಹಾಗೆ ಅದಕ್ಕೂ ಕ್ರೆಡಿಟ್ ಇದೆ, ಗ್ರೇಡ್ ಇದೆ. ಬೆಳಿಗ್ಗೆ ಹವಾಮಾನದ ಕ್ಲಾಸಿನಲ್ಲಿ ಕೂತು ಕೋಲ್ಡ್ ಫ್ರಂಟ್, ಅಂದರೆ ಮುನ್ನುಗ್ಗಿ ಬರುವ ತಂಪು ಗಾಳಿಯ ಅಂಚು, ಅದರ ಬಗ್ಗೆ ಕೇಳಿರುತ್ತೇವೆ, ಮಧ್ಯಾಹ್ನ ಅದೇ ಫ್ರಂಟ್ ಪಶ್ಚಿಮದಿಂದ ಬರುತ್ತಿರುತ್ತದೆ, ಸಂಜೆಯ ಸ್ಲಾಟ್‌ನಲ್ಲಿ ಹಾರುವುದೋ ಬೇಡವೋ ಎಂದು ನಾವೇ ಹೇಳಬೇಕು. ವೀಸಾ ವಿಷಯದಲ್ಲೂ ವ್ಯತ್ಯಾಸವಿದೆ. ಬರೀ ಫ್ಲೈಯಿಂಗ್ ಸ್ಕೂಲಿಗೆ ಹೋಗುವವರಿಗೆ ಸಾಮಾನ್ಯವಾಗಿ ಎಂ-1 ವೀಸಾ, ಪದವಿಗೆ ಹೋಗುವವರಿಗೆ ಎಫ್-1. ಪದವಿಯ ನಂತರ ಒಂದು ವರ್ಷ ಅಲ್ಲೇ ಕೆಲಸ ಮಾಡಲು ಎಫ್-1ನಲ್ಲಿ ಅವಕಾಶವಿದೆ. ಅದರ ಬೆಲೆ ಕೊನೆಯ ವರ್ಷದಲ್ಲಿ ತಿಳಿಯುತ್ತದೆ. ವಿದೇಶಿ ವಿದ್ಯಾರ್ಥಿ ಹಾರಾಟ ಶುರು ಮಾಡುವ ಮುಂಚೆ ಬೆರಳಚ್ಚು ಕೊಟ್ಟು ಅಲ್ಲಿನ ಸಾರಿಗೆ ಭದ್ರತಾ ಸಂಸ್ಥೆಯಾದ ಟಿಎಸ್‌ಎಯ ಅನುಮತಿ ಪಡೆಯಬೇಕು. ಕಾಲೇಜಿನ ಕಚೇರಿಯವರು ದಾರಿ ತೋರಿಸುತ್ತಾರೆ, ಹೆದರಬೇಕಾದ್ದೇನಿಲ್ಲ.

ಹಣದ ವಿಷಯದಲ್ಲಿ ಮಾತ್ರ ಕಣ್ಣು ಬಿಟ್ಟುಕೊಂಡಿರಿ. ಟ್ಯೂಷನ್ ಫೀಸು ಬೇರೆ, ಹಾರಾಟದ ಫೀಸು ಬೇರೆ. ವಿಮಾನ ಓಡಿದ ಸಮಯ ಅಳೆಯುವ ಹಾಬ್ಸ್ ಮೀಟರ್ ಗಂಟೆಯ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ, ಅಂದರೆ ಆರು ಆರು ನಿಮಿಷಕ್ಕೆ, ಓಡುತ್ತದೆ. ರನ್‌ವೇ ಮುಂದೆ ಸಾಲಿನಲ್ಲಿ ನಿಂತು ಕಾಯುತ್ತಿದ್ದರೂ ಓಡುತ್ತದೆ. ಗ್ರ್ಯಾಂಡ್ ಫೋರ್ಕ್ಸ್‌ನಲ್ಲಿ ಒಳ್ಳೆಯ ಬಿಸಿಲಿನ ದಿನ ಆ ಸಾಲು ಉದ್ದವೇ ಇರುತ್ತಿತ್ತು. ಬೇರೆ ಬೇರೆ ಹಂತದ ಪಾಠ ಒಂದು ಸಲಕ್ಕೆ ಮುಗಿಯದಿದ್ದರೆ ಮತ್ತೆ ಹಾರಬೇಕು, ಅದಕ್ಕೂ ದುಡ್ಡು. ಬ್ರೋಷರಿನಲ್ಲಿ ಬರೆದ ಮೊತ್ತವನ್ನು ಕನಿಷ್ಠ ಎಂದು ತಿಳಿದೇ ಸಾಲದ ಅರ್ಜಿ ಹಾಕಿ. ನಾನು ದುಡ್ಡು ಉಳಿಸಿದ್ದು ಹಾಸ್ಟೆಲ್ ರೂಮಿನ ಕುರ್ಚಿಯಲ್ಲಿ. ಕಾಕ್‌ಪಿಟ್ಟಿನ ದೊಡ್ಡ ಚಿತ್ರವನ್ನು ಗೋಡೆಗೆ ಅಂಟಿಸಿ, ಎದುರಿಗೆ ಕೂತು, ಚೆಕ್‌ಲಿಸ್ಟನ್ನು ಬಾಯಲ್ಲಿ ಹೇಳುತ್ತಾ ಕೈಯನ್ನು ಆಯಾ ಸ್ವಿಚ್ಚಿನ ಮೇಲೆ ಇಡುವುದು. ಚೇರ್ ಫ್ಲೈಯಿಂಗ್ ಅನ್ನುತ್ತಾರೆ. ಇದನ್ನು ದಿನವೂ ಮಾಡಿದವರಿಗೂ ಮಾಡದವರಿಗೂ ಬಿಲ್ಲಿನಲ್ಲಿ ವ್ಯತ್ಯಾಸ ಕಾಣುತ್ತಿತ್ತು.

ಆ ನೆಲದ ಬಗ್ಗೆ ಒಂದು ಮಾತು ಹೇಳಲೇಬೇಕು. ರೆಡ್ ರಿವರ್ ಕಣಿವೆ ಅನ್ನುತ್ತಾರೆ, ಆದರೆ ಕಣಿವೆಯ ಲಕ್ಷಣ ಒಂದೂ ಇಲ್ಲ. ಹಿಮಯುಗದ ಕೊನೆಗೆ ಬತ್ತಿಹೋದ ಅಗಾಸಿಜ್ ಎಂಬ ಮಹಾ ಸರೋವರದ ತಳ ಅದು, ಅಂಗೈಯಷ್ಟು ಸಮ. ಅದರ ಮೇಲೆ ಉತ್ತರ ದಕ್ಷಿಣವಾಗಿ, ಪೂರ್ವ ಪಶ್ಚಿಮವಾಗಿ, ಒಂದೊಂದು ಮೈಲಿಗೆ ಒಂದೊಂದು ಹಾದಿ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಟಿ ಸಿಗಲಾರದು. ಗಾಳಿ ವಿಮಾನವನ್ನು ಎಷ್ಟು ಪಕ್ಕಕ್ಕೆ ತಳ್ಳುತ್ತಿದೆ ಎಂಬುದು ಕೆಳಗಿನ ರಸ್ತೆಯನ್ನು ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಮರೆಮಾಡುವ ಗುಡ್ಡವಿಲ್ಲದ ಕಾರಣ ಗಾಳಿಯೂ ಧಾರಾಳ. ಸಕಲೇಶಪುರದ ಕಡೆಯಿಂದ ಹೋದ ನನಗೆ ದಿಗಂತದವರೆಗೂ ಏನೂ ಅಡ್ಡ ಇಲ್ಲದಿರುವುದೇ ಬಹಳ ದಿನ ಕಸಿವಿಸಿಯಾಗಿತ್ತು.

ಕಲಿಕೆಯ ಕ್ರಮ ಹೀಗೆ: ಪ್ರೈವೇಟ್, ಇನ್‌ಸ್ಟ್ರುಮೆಂಟ್ (ಹೊರಗೆ ಕಾಣದಿದ್ದಾಗ ಉಪಕರಣ ನೋಡಿ ಹಾರಿಸುವುದು), ಕಮರ್ಷಿಯಲ್, ಮಲ್ಟಿ ಎಂಜಿನ್, ಆಮೇಲೆ ಬೇಕಾದವರಿಗೆ ಇನ್‌ಸ್ಟ್ರಕ್ಟರ್ ಸರ್ಟಿಫಿಕೇಟ್. ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ ಒಪ್ಪಿದ ಪಾಠಕ್ರಮ ಇರುವ ಶಾಲೆ ‘ಪಾರ್ಟ್ 141’ ಅಡಿಯಲ್ಲಿ ಬರುತ್ತದೆ. ಅಲ್ಲಿ 190 ಗಂಟೆಗೇ ಕಮರ್ಷಿಯಲ್ ಆಗಬಹುದು, ಹೊರಗೆ ಸ್ವತಂತ್ರವಾಗಿ ಕಲಿತರೆ 250 ಬೇಕು. ಇದಕ್ಕೆ ಪ್ರತಿಯಾಗಿ ಪ್ರತಿ ಹಂತದ ಕೊನೆಗೂ ಸ್ಟೇಜ್ ಚೆಕ್ ಎಂಬ ಪರೀಕ್ಷೆ. ನಮಗೆ ಕಲಿಸದ ಬೇರೊಬ್ಬ ಇನ್‌ಸ್ಟ್ರಕ್ಟರ್ ಬಂದು ಮೊದಲು ಮೇಜಿನ ಎದುರು ಕೂರಿಸಿ ಪ್ರಶ್ನೆ ಕೇಳುತ್ತಾರೆ, ಆಮೇಲೆ ಹಾರಾಟ.

ಕಮರ್ಷಿಯಲ್ ಹಂತದಲ್ಲಿ ನನಗೆ ತುಂಬಾ ಇಷ್ಟವಾದ ಪಾಠ ಪವರ್-ಆಫ್ ಒನ್-ಎಯ್ಟಿ. ರನ್‌ವೇಗೆ ಸಮಾನಾಂತರವಾಗಿ, ಇಳಿಯುವ ದಿಕ್ಕಿಗೆ ವಿರುದ್ಧವಾಗಿ, ನೆಲದಿಂದ 1000 ಅಡಿ ಮೇಲೆ ಹೋಗುತ್ತಿರುತ್ತೇವೆ. ಎಡಗಡೆ ಕಿಟಕಿಯಲ್ಲಿ ನಾವು ಆರಿಸಿಕೊಂಡ ಗುರುತು ನೇರಕ್ಕೆ ಬಂದ ಕೂಡಲೇ ಥ್ರಾಟಲ್ ಪೂರ್ತಿ ಹಿಂದಕ್ಕೆ. ಎಂಜಿನ್ ಸದ್ದು ಇಳಿಯುತ್ತದೆ. ಅಲ್ಲಿಂದ ನೆಲ ಮುಟ್ಟುವವರೆಗೂ ಥ್ರಾಟಲ್ ಮುಟ್ಟುವಂತಿಲ್ಲ. ನಮ್ಮ ತರಬೇತಿ ವಿಮಾನ ಪೈಪರ್ ಆರ್ಚರ್ ಚೆನ್ನಾಗಿ ತೇಲುವುದು 76 ನಾಟ್ ವೇಗದಲ್ಲಿ, ಮೂಗನ್ನು ಅದಕ್ಕೆ ಸರಿಯಾಗಿ ಹಿಡಿದು ತಿರುಗಬೇಕು. ಎದುರುಗಾಳಿ ಜೋರಿದ್ದರೆ ಬೇಗ ತಿರುಗಬೇಕು, ಇಲ್ಲದಿದ್ದರೆ ರನ್‌ವೇ ತಲುಪುವುದಿಲ್ಲ. ಎತ್ತರ ಹೆಚ್ಚಾಯಿತು ಅನ್ನಿಸಿದರೆ ಎರಡು ಸೀಟಿನ ನಡುವಿನ ಲಿವರ್ ಎಳೆದು ರೆಕ್ಕೆಯ ಹಿಂಬದಿಯ ಪಟ್ಟಿ, ಅಂದರೆ ಫ್ಲಾಪ್, ಇಳಿಸುವುದು: 10, 25, 40 ಡಿಗ್ರಿ. ಅದೂ ಸಾಲದಿದ್ದರೆ ರೆಕ್ಕೆ ಒಂದು ಕಡೆ ಬಾಗಿಸಿ, ಬಾಲದ ರಡ್ಡರ್ ಇನ್ನೊಂದು ಕಡೆ ಒತ್ತಿ, ವಿಮಾನವನ್ನು ಓರೆಯಾಗಿ ಇಳಿಸುವುದು. ಗುರುತಿಗಿಂತ ಒಂದಡಿ ಮುಂಚೆ ಚಕ್ರ ತಾಗಿದರೂ ಫೇಲು. ಗುರುತು ದಾಟಿ 200 ಅಡಿಯೊಳಗೆ ತಾಗಬೇಕು. ಇದರಲ್ಲಿ ಕೈಚಳಕಕ್ಕಿಂತ ಹೆಚ್ಚಿನದು ಮೊದಲ ಹತ್ತು ಸೆಕೆಂಡಿನ ತೀರ್ಮಾನ. ಗಾಳಿಯನ್ನು ಆಗಲೇ ಸರಿಯಾಗಿ ಅಂದಾಜು ಮಾಡಿದ್ದರೆ ಉಳಿದದ್ದು ತಾನಾಗಿ ಕೂಡಿಬರುತ್ತದೆ. ಇನ್ನು ತಲುಪುವುದಿಲ್ಲ ಎಂದು ಖಚಿತವಾದಾಗ ಪವರ್ ಕೊಟ್ಟು ಮೇಲೆ ಹೋಗುವುದನ್ನು ನಮ್ಮಲ್ಲಿ ಮೆಚ್ಚುತ್ತಿದ್ದರು. ಅಂಕ ಹೋಗುತ್ತಿತ್ತು, ಮಾತು ಬರುತ್ತಿರಲಿಲ್ಲ.

ಚಳಿಗಾಲ ಬಂದಾಗಲೇ ಕಾಲೇಜಿನ ಬೆಲೆ ನನಗೆ ಅರ್ಥವಾಗಿದ್ದು. ಅಲ್ಲಿ ಮೈನಸ್ 30 ಡಿಗ್ರಿ ಅಪರೂಪವೇನಲ್ಲ. ಎಂಜಿನ್ ಬಿಸಿ ಮಾಡದೆ ಸ್ಟಾರ್ಟ್ ಮಾಡುವಂತಿಲ್ಲ, ರೆಕ್ಕೆಯ ಮೇಲೆ ತೆಳ್ಳಗಿನ ಮಂಜಿನ ಪುಡಿ ಇದ್ದರೂ ಹಾರುವಂತಿಲ್ಲ. ಒಳಗೆ ಹೀಟರ್ ಹಾಕುತ್ತೇವೆ. ಆ ಬಿಸಿಗಾಳಿ ಬರುವುದು ಎಂಜಿನ್ನಿನ ಹೊಗೆ ಕೊಳವೆಯ ಸುತ್ತಲಿನಿಂದ, ಅಲ್ಲಿ ಒಂದು ಬಿರುಕಿದ್ದರೆ ಕಾರ್ಬನ್ ಮಾನಾಕ್ಸೈಡ್ ನೇರ ನಮ್ಮ ಮೂಗಿಗೆ. ಹಾಗಾಗಿ ಡಿಟೆಕ್ಟರ್ ನೋಡದೆ ಹೊರಡುವುದಿಲ್ಲ. ನೆಲದ ಮೇಲಿನ ಹಿಮ ಗಾಳಿಗೆ ಎದ್ದರೆ ಮೇಲೆ ನೀಲಿ ಆಕಾಶವಿದ್ದೂ ರನ್‌ವೇ ಕಾಣುವುದಿಲ್ಲ. ವಾರಗಟ್ಟಲೆ ಹಾರಾಟ ರದ್ದಾಗುತ್ತಿತ್ತು.

ರದ್ದಾದ ಒಂದು ದಿನ ನನ್ನ ಇನ್‌ಸ್ಟ್ರಕ್ಟರ್ ಮನೆಗೆ ಹೋಗಲು ಬಿಡಲಿಲ್ಲ. ನನಗಿಂತ ಒಂದೆರಡು ವರ್ಷ ದೊಡ್ಡ ಹುಡುಗಿ, ಅಲ್ಲೇ ಓದಿ ಅಲ್ಲೇ ಕಲಿಸುತ್ತಿದ್ದಳು. ಬೋರ್ಡಿನ ಮೇಲೆ ಒಂದು ಗೆರೆ ಎಳೆದು ಕೇಳಿದಳು: ಹೊರಗೆ ಮೈನಸ್ 30, ನಿಲ್ದಾಣದಿಂದ 1000 ಅಡಿ ಮೇಲಿದ್ದೀಯ ಎಂದು ಅಲ್ಟಿಮೀಟರ್ ಹೇಳುತ್ತಿದೆ, ನಿಜವಾಗಿ ಎಷ್ಟು ಎತ್ತರದಲ್ಲಿದ್ದೀಯ? ಅಲ್ಟಿಮೀಟರ್ ಅಳೆಯುವುದು ಗಾಳಿಯ ಒತ್ತಡವನ್ನು. ಚಳಿಗೆ ಗಾಳಿ ಕುಗ್ಗಿ ದಟ್ಟವಾಗುತ್ತದೆ, ಮೇಲೆ ಹೋದಂತೆ ಒತ್ತಡ ಬೇಗ ಬೇಗ ಇಳಿಯುತ್ತದೆ, ಹಾಗಾಗಿ ಮುಳ್ಳು ಇಲ್ಲದ ಎತ್ತರ ತೋರಿಸುತ್ತದೆ. ತಿದ್ದುಪಡಿ ಕೋಷ್ಟಕದಲ್ಲಿ ನೋಡಿದರೆ ವ್ಯತ್ಯಾಸ ಸುಮಾರು 190 ಅಡಿ. ಮೋಡದೊಳಗೆ ಕಣ್ಣಿಗೆ ಏನೂ ಕಾಣದೆ ಇಳಿಯುತ್ತಿರುವಾಗ 190 ಅಡಿ ಎಂದರೆ ಎಷ್ಟು ಎಂದು ಆಕೆ ವಿವರಿಸಬೇಕಾಗಲಿಲ್ಲ. ಆ ಗಂಟೆ ನನ್ನ ಲಾಗ್‌ಬುಕ್ಕಿಗೆ ಸೇರಲಿಲ್ಲ. ಆದರೆ ಇವತ್ತಿಗೂ ಚಳಿಯ ಊರಿನ ಅಪ್ರೋಚ್ ಚಾರ್ಟ್ ತೆಗೆದ ಕೂಡಲೇ ಕೈ ಕೋಷ್ಟಕದ ಕಡೆ ಹೋಗುತ್ತದೆ.

ಇನ್ನೊಂದು ಕ್ಲಾಸು. 2009ರ ಫೆಬ್ರವರಿ 12ರಂದು ನ್ಯೂಯಾರ್ಕ್ ರಾಜ್ಯದ ಬಫಲೋ ಹತ್ತಿರ ಕೋಲ್ಗನ್ ಏರ್ ಕಂಪನಿಯ 3407ನೇ ವಿಮಾನ ಮನೆಯೊಂದರ ಮೇಲೆ ಬಿತ್ತು. ಒಟ್ಟು 50 ಜನ ತೀರಿಕೊಂಡರು. ನಮ್ಮ ಸ್ಪೈಸ್‌ಜೆಟ್ ದಕ್ಷಿಣದ ಸಣ್ಣ ಊರುಗಳಿಗೆ ಓಡಿಸುತ್ತಿದ್ದ ಕ್ಯೂ-400 ಮಾದರಿಯದೇ ವಿಮಾನ. ವೇಗ ಕಡಿಮೆಯಾಗಿ ಸ್ಟಾಲ್, ಅಂದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾಗದ ಸ್ಥಿತಿ, ಬರುತ್ತಿದೆ ಎಂಬ ಎಚ್ಚರಿಕೆ ಬಂದು ಕಂಟ್ರೋಲ್ ಕಾಲಮ್ ಕೈಯಲ್ಲಿ ನಡುಗಿದಾಗ ಮುಂದಕ್ಕೆ ತಳ್ಳಬೇಕಿತ್ತು, ಕ್ಯಾಪ್ಟನ್ ಹಿಂದಕ್ಕೆ ಎಳೆದರು. ಈ ದುರಂತದ ನಂತರ ಸತ್ತವರ ಮನೆಯವರು ಪಟ್ಟುಹಿಡಿದು ಹೋರಾಡಿದರು, ಕಾನೂನು ಬದಲಾಯಿತು. 2013ರಿಂದ ಅಮೆರಿಕದ ಏರ್‌ಲೈನ್‌ನಲ್ಲಿ ಫಸ್ಟ್ ಆಫೀಸರ್, ಅಂದರೆ ಸಹ ಪೈಲಟ್, ಆಗಲೂ 1500 ಗಂಟೆ ಬೇಕಾಯಿತು. ತನಿಖಾ ವರದಿ ಓದಿದ ನಾವು ಬೆರಗಾಗಿದ್ದು ಇನ್ನೊಂದು ಕಾರಣಕ್ಕೆ: ಆ ಇಬ್ಬರು ಪೈಲಟ್‌ಗಳಿಗೂ ಆಗಲೇ 1500ಕ್ಕಿಂತ ಎಷ್ಟೋ ಹೆಚ್ಚು ಗಂಟೆ ಆಗಿತ್ತು. ದಣಿವು, ಇಳಿಯುವ ಹೊತ್ತಿನ ಹರಟೆ, ಸ್ಟಾಲ್ ತರಬೇತಿಯ ಕೊರತೆ, ಒಂದೊಂದನ್ನೂ ಬಿಡಿಸಿ ನೋಡಿದೆವು. ಅದೇ ವಾರ ಮೇಲೆ ಹೋಗಿ ಆರ್ಚರ್ ಅನ್ನು ಬೇಕೆಂದೇ ಸ್ಟಾಲ್ ಮಾಡುವಾಗ, ಮೂಗು ತಗ್ಗಿಸುವ ಆ ಸಣ್ಣ ಚಲನೆ ನನಗೆ ಬೇರೆಯೇ ತೂಕದ್ದಾಗಿ ಕಂಡಿತು. ಗಂಟೆ ತುಂಬಿಸುವ ಕೆಲಸ ಎಲ್ಲಿಯಾದರೂ ಆಗುತ್ತದೆ. ಆ ಗಂಟೆಯ ಹಿಂದೆ ಮುಂದೆ ಕೂತು ಮಾತಾಡಲು ಜನ, ಜಾಗ, ಸಮಯ ಮೂರೂ ಒಟ್ಟಿಗೆ ಸಿಗುವುದು ಕಷ್ಟ. ಮನೆಯವರು ಜಮೀನಿನ ಪತ್ರ ಬ್ಯಾಂಕಿಗಿಟ್ಟು ತಂದ ದುಡ್ಡು ಇದಕ್ಕೆ ಹೋಯಿತು ಎಂದು ನಾನು ತಿಳಿದಿದ್ದೇನೆ.

ಅದೇ ಕಾನೂನಿನಲ್ಲಿ ಕಾಲೇಜಿನವರಿಗೆ ಒಂದು ರಿಯಾಯಿತಿಯಿದೆ. ಒಪ್ಪಿಗೆ ಪಡೆದ ವಿಶ್ವವಿದ್ಯಾಲಯದಲ್ಲಿ 60 ಕ್ರೆಡಿಟ್ ವೈಮಾನಿಕ ವಿಷಯ ಓದಿ ಪದವಿ ಪಡೆದರೆ 1500ರ ಬದಲು 1000 ಗಂಟೆ ಸಾಕು. ಅಲ್ಲಿನ ಪ್ರಜೆಗಳಿಗೆ ಇದು ದೊಡ್ಡ ಲಾಭ. ನಮ್ಮ ಮಕ್ಕಳು ಇದನ್ನೇ ನಂಬಿ ಹೋಗಬಾರದು, ಏಕೆಂದರೆ ಕೆಲಸದ ವೀಸಾ ಕೊಡಿಸಿ ಹೊಸ ಪೈಲಟ್‌ಗಳನ್ನು ಸೇರಿಸಿಕೊಳ್ಳುವ ಅಭ್ಯಾಸ ಅಲ್ಲಿನ ಏರ್‌ಲೈನ್‌ಗಳಲ್ಲಿ ಇಲ್ಲವೆಂದರೂ ಸರಿ. ನಾನು ಪದವಿಯ ನಂತರದ ವರ್ಷವನ್ನು ಇನ್‌ಸ್ಟ್ರಕ್ಟರ್ ಆಗಿ ಕಳೆದೆ. ಕಲಿಸುತ್ತಾ ಕಲಿತಷ್ಟು ಕಲಿಯುತ್ತಾ ಕಲಿತಿರಲಿಲ್ಲ. ಪಕ್ಕದಲ್ಲಿ ಕೂತವರು ಯಾವ ಕ್ಷಣದಲ್ಲಿ ಗಾಬರಿಯಾಗುತ್ತಾರೆ ಎಂದು ಅವರ ಭುಜ ನೋಡಿಯೇ ತಿಳಿಯುತ್ತದೆ.

ವಾಪಸು ಬಂದ ಮೇಲೆ ಲೈಸೆನ್ಸ್ ಪರಿವರ್ತನೆ. ಅಮೆರಿಕದ ಲೈಸೆನ್ಸ್ ತೋರಿಸಿದರೆ ಇಲ್ಲಿ ಹಾರಿಸಲು ಬಿಡುವುದಿಲ್ಲ. ಏರ್ ರೆಗ್ಯುಲೇಷನ್ಸ್, ನ್ಯಾವಿಗೇಷನ್ ಮುಂತಾದ ಪತ್ರಿಕೆಗಳನ್ನು ಡಿಜಿಸಿಎಗೆ ಬರೆಯಬೇಕು, ರೇಡಿಯೋ ಪರೀಕ್ಷೆ ಬೇರೆ. ಲೈಸೆನ್ಸ್ ನಿಜವೇ ಎಂದು ಎಫ್‌ಎಎಯಿಂದ ದೃಢೀಕರಣ ಬರಬೇಕು. ಇತ್ತೀಚೆಗೆ ಹಾರಿದ ದಾಖಲೆಯೂ ಬೇಕು, ಆದ್ದರಿಂದ ವಾಪಸು ಬರುವ ತಿಂಗಳನ್ನು ಯೋಚಿಸಿ ಆರಿಸಿ. ಇಲ್ಲಿ ಪರೀಕ್ಷೆಗೆ ಕಾಯುತ್ತಾ ಕೂತರೆ ಆ ಹಾರಾಟಗಳು ಹಳೆಯದಾಗಿ ಮತ್ತೆ ದುಡ್ಡು ಕೊಟ್ಟು ಹಾರಬೇಕಾಗುತ್ತದೆ. ಅಲ್ಲಿ ರಜೆಯಲ್ಲಿರುವಾಗಲೇ ಇಲ್ಲಿನ ಪತ್ರಿಕೆಗಳಿಗೆ ಓದಿಕೊಳ್ಳಿ, ಸಾಧ್ಯವಾದರೆ ಊರಿಗೆ ಬಂದಾಗ ಬರೆದುಬಿಡಿ. ಕಾಲೇಜು ಬಿಡುವ ಮುಂಚೆ ಲಾಗ್‌ಬುಕ್ಕಿನ ಪ್ರತಿ ಪುಟಕ್ಕೂ ಸಹಿ ಮುದ್ರೆ ಹಾಕಿಸಿಕೊಳ್ಳಿ, ತರಬೇತಿ ದಾಖಲೆಯ ಪೂರ್ತಿ ಪ್ರತಿ ತೆಗೆದುಕೊಳ್ಳಿ, ಯಾವ ವಿಮಾನ, ಎಷ್ಟು ಗಂಟೆ, ಹಗಲೋ ರಾತ್ರಿಯೋ, ಯಾರ ಹೊಣೆಯಲ್ಲಿ ಎಂಬುದು ಅದರಲ್ಲಿ ಸ್ಪಷ್ಟವಾಗಿ ಇರಲಿ. ಎಂಟು ಸಾವಿರ ಮೈಲಿ ಆಚೆಯಿಂದ ಒಂದು ಸಹಿ ತರಿಸುವುದು ತಿಂಗಳುಗಳ ಕೆಲಸ.