ಪಿಜಿ ಓದು, ಜಾತ್ರೆ, ಗೆಳೆಯರು: ಎಲ್ಲವನ್ನೂ ಹೊಂದಿಸಿಕೊಳ್ಳುವುದು ಹೇಗೆ?

ಸೆಮಿಸ್ಟರ್ ಶುರುವಾದ ವಾರವೇ ಮನೆಗೆ ಫೋನ್ ಮಾಡಿ ಗೋಡೆ ಕ್ಯಾಲೆಂಡರಿನ ಫೋಟೊ ತರಿಸಿಕೊಳ್ಳಿ. ಅಮ್ಮ ಹಾಲಿನ ಲೆಕ್ಕ ಬರೆದಿಡುತ್ತಾರಲ್ಲ, ಅದೇ. ನಮ್ಮ ಉತ್ತರ ಕನ್ನಡದ ಕಡೆ ಅಡಿಕೆ ಕೊಯ್ಲು, ಊರದೇವಿಯ ಬಂಡಿಹಬ್ಬ, ಅತ್ತೆ ಮನೆ ಮದುವೆ ಯಾವುದೂ ದಿಢೀರ್ ಅಂತ ಬರುವುದಿಲ್ಲ, ತಿಂಗಳುಗಟ್ಟಲೆ ಮೊದಲೇ ಗೊತ್ತಿರುತ್ತದೆ. ಇಂಟರ್ನಲ್ಸ್, ಸೆಮಿನಾರ್ ದಿನಗಳನ್ನೂ ಅದರಲ್ಲೇ ಬರೆದು ನೋಡಿ. ಡಿಕ್ಕಿ ಹೊಡೆಯುವ ದಿನಗಳು ಆಗಲೇ ಕಣ್ಣಿಗೆ ಬೀಳುತ್ತವೆ.

ಶಿರಸಿ ಕಡೆಯವರಿಗೆ ಒಂದು ಲೆಕ್ಕ ಹೇಳುತ್ತೇನೆ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಎಂಎ, ಎಂಎಸ್ಸಿಯೂ ಎರಡು ವರ್ಷ. ಹಾಗಾಗಿ ಒಂದು ಜಾತ್ರೆ ನಿಮ್ಮ ಓದಿನ ಮಧ್ಯೆ ಬರುವುದು ಹೆಚ್ಚುಕಡಿಮೆ ಗ್ಯಾರಂಟಿ. ಅಷ್ಟೂ ದಿನ ಊರಲ್ಲಿ ಕೂರಬೇಕಾಗಿಲ್ಲ. ದೇವಿ ಬಿಡಕಿಬೈಲಿನ ಜಾತ್ರೆ ಗದ್ದುಗೆಯಲ್ಲಿ ಕೂತ ಮೇಲೆ ಒಂದೆರಡು ದಿನ ಹೋಗಿ, ಬಳೆ ಪೇಟೆ, ತೊಟ್ಟಿಲು ಎಲ್ಲ ಮುಗಿಸಿ ಬನ್ನಿ, ಸಾಕು.

ಕಾರವಾರದ ಕೋಡಿಬಾಗದಲ್ಲಿ ಸಾಗರ ಜೀವಶಾಸ್ತ್ರ ಓದುವವರ ಪಾಡು ಬೇರೆ. ಅವರಿಗೆ ಉಬ್ಬರ-ಇಳಿತದ ಪಟ್ಟಿಯೇ ಯಜಮಾನ. ಬಂಡೆಗಳ ಮೇಲಿನ ಸ್ಯಾಂಪಲ್ ಬೇಕಂದರೆ ನೀರು ಪೂರ್ತಿ ಇಳಿದಾಗಲೇ ಹೋಗಬೇಕು, ಆ ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತಿರುತ್ತದೆ. ನೀರು ಜಾಸ್ತಿ ಇಳಿಯುವುದು ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು. ಕಾರವಾರದ ಹತ್ತಿರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಬರುವುದೂ ಪುಷ್ಯ ಹುಣ್ಣಿಮೆಗೇ, ಏನು ಮಾಡ್ತೀರಿ? ಹುಣ್ಣಿಮೆ ಕಳೆದು ಒಂದೆರಡು ದಿನ ಇಳಿತ ಚೆನ್ನಾಗಿಯೇ ಇರುತ್ತದೆ. ಜಾತ್ರೆ ಮುಗಿಸಿ ಮಾರನೇ ದಿನ ಸ್ಯಾಂಪಲ್ ತರುತ್ತೇನೆ ಅಂತ ಗೈಡ್‌ಗೆ ವಾರ ಮೊದಲೇ ಹೇಳಿಬಿಡಿ. ಹಾಗೆಯೇ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಟ್ರಾಲರ್ ಮೀನಿನ ಮೇಲೆ ಪ್ರಾಜೆಕ್ಟ್ ಇದ್ದವರಿಗೆ ಬಂದರಿನಲ್ಲಿ ಹೊಸ ಡೇಟಾ ಸಿಗುವುದಿಲ್ಲ, ಬರೆಯುವುದಕ್ಕೂ ಊರಿಗೆ ಹೋಗುವುದಕ್ಕೂ ಅದೇ ಒಳ್ಳೆ ಸಮಯ.

ಇನ್ನು ಬರಲಾಗುವುದಿಲ್ಲ ಅಂತ ಹೇಳುವ ವಿಷಯ. ಹೆಚ್ಚಿನ ಮನಸ್ತಾಪ ಇಲ್ಲೇ ಹುಟ್ಟುವುದು. ‘ನೋಡೋಣ, ಟ್ರೈ ಮಾಡ್ತೇನೆ’ ಅಂತ ತಳ್ಳಿಕೊಂಡು ಹೋಗಿ ಕೊನೇ ಗಳಿಗೆಯಲ್ಲಿ ಕೈಕೊಡುವವರ ಮೇಲೆ ಜನಕ್ಕೆ ಸಿಟ್ಟು, ಮೊದಲೇ ಹೇಳಿದವರ ಮೇಲೆ ಅಷ್ಟಿಲ್ಲ. ಹೀಗೆ ಹೇಳಿ ನೋಡಿ: ‘ಅತ್ತೆ, ಮದುವೆ ದಿನ ನನಗೆ ಪರೀಕ್ಷೆ ಇದೆ. ಹಿಂದಿನ ಭಾನುವಾರ ಬಂದು ಮನೆ ಕೆಲಸಕ್ಕೆ ಸೇರಿಕೊಳ್ತೇನೆ, ತರಕಾರಿ ಹೆಚ್ಚೋದಿದ್ರೆ ಇಟ್ಟಿರಿ.’ ಅತ್ತೆ ಎರಡು ಮಾತು ಬಯ್ಯಬಹುದು, ಬಯ್ಯಲಿ. ಮದುವೆ ಮನೆಯಲ್ಲಿ ಈಳಿಗೆಮಣೆ ಮುಂದೆ ಕೂತು ಸೌತೆಕಾಯಿ ಹೆಚ್ಚುತ್ತ ಊರಿನ ಸುದ್ದಿ ಕೇಳುವುದರಲ್ಲಿ ಇರುವ ಮಜಾ, ಹೊಸ ಬಟ್ಟೆ ಹಾಕಿಕೊಂಡು ಊಟದ ಸಾಲಿಗೆ ಕಾಯುವುದರಲ್ಲಿ ಎಲ್ಲಿದೆ? ಜನ ನೆನಪಿಟ್ಟುಕೊಳ್ಳುವುದೂ ಕೆಲಸಕ್ಕೆ ಬಂದವರನ್ನೇ.

ಯಕ್ಷಗಾನದ ಹುಚ್ಚು ಇದ್ದವರು ವಾರದ ಮಧ್ಯೆ ಕಾಲಮಿತಿ ಆಟಕ್ಕೆ ಹೋಗಿ, ಬೆಳಗಿನವರೆಗಿನ ಆಟವನ್ನು ಶನಿವಾರಕ್ಕೆ ಇಟ್ಟುಕೊಳ್ಳಿ. ರಾತ್ರಿ ಇಡೀ ನಿದ್ದೆಗೆಟ್ಟು ಬೆಳಿಗ್ಗೆ ಲ್ಯಾಬಿಗೆ ಹೋದರೆ ಪಿಪೆಟ್ ಹಿಡಿದ ಕೈಯೇ ತೂಕಡಿಸುತ್ತದೆ.

ಕ್ಲಾಸಿನ ಗೆಳೆಯರಿಗೆ ಬೇರೆ ಪ್ಲ್ಯಾನ್ ಏನೂ ಬೇಡ. ಸಂಜೆ ಕಾರವಾರದ ಟಾಗೋರ್ ಬೀಚಿನಲ್ಲಿ ಒಂದು ಸುತ್ತು, ಫೋನ್ ರೂಮಿನಲ್ಲೇ ಇರಲಿ. ಬೆಂಗಳೂರು ಸೇರಿದ ಹಳೇ ಗೆಳೆಯರಿಗೆ ಊರಿನ ಬಸ್ಸಿನಲ್ಲಿ ಕೂತಾಗ ಫೋನ್ ಮಾಡಿ, ಆದರೆ ಕುಮಟಾ-ಶಿರಸಿ ದಾರಿಯ ದೇವಿಮನೆ ಘಟ್ಟ ಹತ್ತುವ ಮೊದಲೇ ಮಾತು ಮುಗಿಸಿ, ಅಲ್ಲಿ ಸಿಗ್ನಲ್ ನಂಬುವ ಹಾಗಿಲ್ಲ.

ಪಿಎಚ್‌ಡಿಯವರಿಗೆ ಸೆಮಿಸ್ಟರಿನ ಬೇಲಿಯೂ ಇಲ್ಲ, ಕೆಲಸ ವಾರಪೂರ್ತಿ ಹರಡಿಕೊಳ್ಳುತ್ತದೆ. ವಾರದಲ್ಲಿ ಒಂದು ಸಂಜೆ ನನ್ನದು ಅಂತ ಗೈಡ್‌ಗೂ ಲ್ಯಾಬಿನವರಿಗೂ ಹೇಳಿಡಿ. ಅವತ್ತು ಸುಮ್ನೆ ರೂಮಿನಲ್ಲಿ ಮಲಗಿದರೂ ಯಾರೂ ಕೇಳಬಾರದು.