ಗಂಡ ಕೋರ್ಟಿಗೆ ಬರದಿದ್ದರೆ ಆಸ್ತಿ ಪಾಲು ಹೇಗೆ?

'ಅವರು ಬರಲೇ ಇಲ್ಲ, ಅಂದ್ಮೇಲೆ ನಾವು ಗೆದ್ದ ಹಾಗೇ ಅಲ್ವಾ?' ಫ್ಯಾಮಿಲಿ ಕೋರ್ಟಿನಲ್ಲಿ ಜಾಸ್ತಿ ಕೇಳಿಬರುವ ಮಾತು ಇದು. ಹಾಗೆ ನಂಬಿ ಅವಸರದಲ್ಲಿ ಎಕ್ಸ್‌ಪಾರ್ಟಿ ಡಿಕ್ರಿ (ಎದುರಿನವರು ಇಲ್ಲದೆಯೇ ಬರುವ ತೀರ್ಪು) ಪಡೆದು, ಆಮೇಲೆ ಅದು ರದ್ದಾಗಿ ಮತ್ತೆ ಮೊದಲಿನಿಂದ ಶುರು ಮಾಡಿದವರನ್ನು ನೋಡಿದ್ದೇನೆ. ಗಂಡನೇ ಕೇಸು ಹಾಕಿ ಹೆಂಡತಿ ಬರದಿದ್ದರೂ ದಾರಿ ಇದೇ.

ಮೊದಲು, ಏನು ಕೇಳಬಹುದು ಎಂದು ತಿಳಿದುಕೊಳ್ಳಿ. ಡಿವೋರ್ಸ್ ಆದರೆ ಅರ್ಧಕ್ಕರ್ಧ ಎಂಬ ಲೆಕ್ಕ ಕರ್ನಾಟಕದಲ್ಲಿಲ್ಲ. ಅದೇನಿದ್ದರೂ ಗೋವಾದ ಕಾನೂನು. ತವರಿನ ಒಡವೆ ಸ್ತ್ರೀಧನ, ಪೂರ್ತಿ ಹೆಂಡತಿಯದು. ಅದನ್ನು ಪಾಲಿಗೆ ಸೇರಿಸದೆ ವಾಪಸ್ ಕೇಳಿ. ಜಂಟಿ ಹೆಸರಿನ ಸೈಟು, ಫ್ಲ್ಯಾಟಿನಲ್ಲಿ ಪಾಲು ಕೇಳಿ. ಆಸ್ತಿ ಅವರೊಬ್ಬರ ಹೆಸರಲ್ಲಿದ್ದರೆ ನಿಮ್ಮ ದುಡ್ಡು ಹೋಗಿದ್ದಕ್ಕೆ ಬ್ಯಾಂಕ್ ದಾಖಲೆ ಬೇಕು.

ಅರ್ಜಿಯ ಜೊತೆಗೇ ಆಸ್ತಿ ಮಾರದಂತೆ ತಡೆಯಾಜ್ಞೆ ಕೇಳಿ. ಡಿಟಿಪಿ ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಅರ್ಜಿಗಳ ತಂಟೆಗೆ ಹೋಗಬೇಡಿ. ಆಸ್ತಿಯ ಚಕ್ಕುಬಂದಿಯೇ (ನಾಲ್ಕು ದಿಕ್ಕಿನ ಗಡಿ) ಅದರಲ್ಲಿ ತಪ್ಪಿರುತ್ತದೆ.

ಈಗ ಸಮನ್ಸ್, ಅಂದರೆ ಹಾಜರಾಗಿ ಎಂದು ಕೋರ್ಟು ಎದುರಿನವರಿಗೆ ಕಳಿಸುವ ನೋಟಿಸು. ಜನ ಎಡವುವುದೇ ಇಲ್ಲಿ.

ಸಮನ್ಸ್ ಬೇಲಿಫ್ (ಕೋರ್ಟಿನ ಸಿಬ್ಬಂದಿ) ಕೈಯಲ್ಲೋ ಅಂಚೆಯಲ್ಲೋ ಹೋಗುತ್ತದೆ. ಜಾರಿಯಾಗದಿದ್ದರೆ ಒಂದು ಶರಾ ಬರೆಸಿಕೊಂಡು ವಾಪಸ್ ಬರುತ್ತದೆ. ಆ ಶರಾವನ್ನು ನೀವೇ ಓದಿ. 'ತೆಗೆದುಕೊಳ್ಳಲು ನಿರಾಕರಿಸಿದರು' ಎಂದಿದ್ದರೆ ಒಳ್ಳೆಯದೇ, ಸಮನ್ಸ್ ಜಾರಿಯಾಗಿದೆ ಎಂದು ಕೋರ್ಟು ಘೋಷಿಸಬಹುದು. 'ಮನೆಗೆ ಬೀಗ' ಎಂದಿದ್ದರೆ ಇನ್ನೊಮ್ಮೆ ಕಳಿಸಲು ಕೇಳಿ. 'ಈ ವಿಳಾಸದಲ್ಲಿಲ್ಲ' ಎಂದರೆ ಹೊಸ ವಿಳಾಸ ಹುಡುಕಬೇಕು: ಆಫೀಸು, ಅಪ್ಪ-ಅಮ್ಮನ ಮನೆ, ಕೊನೆಯ ಬಾಡಿಗೆ ಮನೆ. ಗೊತ್ತಿರುವುದನ್ನೆಲ್ಲ ಕೊಡಿ. ವಿದೇಶದಲ್ಲಿದ್ದರೆ ಇದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ, ಬೇಗ ಶುರು ಮಾಡಿ.

ಇಷ್ಟಾದರೂ ಸಿಗದಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 5, ನಿಯಮ 20ರ ಅರ್ಜಿ. ಎಲ್ಲೆಲ್ಲಿ ಹುಡುಕಿದಿರಿ ಎಂದು ಅಫಿಡವಿಟ್‌ನಲ್ಲಿ ಬರೆಯಬೇಕು. ಕೋರ್ಟು ಒಪ್ಪಿದರೆ ಅವರು ಕೊನೆಗೆ ವಾಸವಿದ್ದ ಮನೆಗೆ ಮತ್ತು ಕೋರ್ಟಿನಲ್ಲಿ ಸಮನ್ಸ್ ಅಂಟಿಸುತ್ತಾರೆ, ಇಲ್ಲವೇ ಪೇಪರಿನಲ್ಲಿ ಹಾಕಿಸುತ್ತಾರೆ. ಅವರು ಕೊನೆಗೆ ವಾಸವಿದ್ದ ಊರಿನಲ್ಲಿ ಓಡಾಡುವ ದಿನಪತ್ರಿಕೆಯೇ ಆಗಬೇಕು. ಗಂಡ ಇದ್ದದ್ದು ಹುಬ್ಬಳ್ಳಿಯಲ್ಲಿ, ಜಾಹೀರಾತು ಬಂದದ್ದು ಮೈಸೂರಿನ ಯಾರೂ ಓದದ ಪತ್ರಿಕೆಯಲ್ಲಿ ಎಂದರೆ ದುಡ್ಡು ದಂಡ. 'ಕಡಿಮೆ ರೇಟಿಗೆ ಹಾಕಿಸಿಕೊಡ್ತೀವಿ' ಎನ್ನುವ ಏಜೆಂಟರನ್ನು ದೂರ ಇಡಿ. ಕೋರ್ಟಿಗೆ ಕತ್ತರಿಸಿದ ತುಂಡು ಬೇಡ, ಇಡೀ ಪತ್ರಿಕೆ ಕೊಡಿ.

ಕೆಲವರ ಜಾಣತನ ಬೇರೆ: ಹೊಸ ವಿಳಾಸ ಗೊತ್ತಿದ್ದೂ ಹಳೆಯದನ್ನೇ ಕೊಡುತ್ತಾರೆ. ಸಮನ್ಸ್ ಸರಿಯಾಗಿ ಜಾರಿಯಾಗಿಲ್ಲ ಎಂದಾದರೆ, ಡಿಕ್ರಿಯ ವಿಷಯ ತಿಳಿದ 30 ದಿನದೊಳಗೆ ಅವರು ಅದರ ರದ್ದತಿಗೆ ಅರ್ಜಿ ಹಾಕಬಹುದು. ತಿಳಿದದ್ದು ಮೂರು ವರ್ಷದ ಮೇಲಾದರೂ ಅಷ್ಟೇ.

ಎಕ್ಸ್‌ಪಾರ್ಟಿ ಎಂದು ಬರೆದ ಮೇಲೂ ಸಾಕ್ಷ್ಯ ಕೊಡಲೇಬೇಕು. ಎದುರಿನವರು ಉತ್ತರ ಕೊಡಲಿಲ್ಲ ಎಂದು ಕೋರ್ಟು ಕಣ್ಣು ಮುಚ್ಚಿ ತೀರ್ಪು ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಕ್ರಯಪತ್ರ, ಇಸಿ (ಆಸ್ತಿಯ ಋಣಭಾರ ಪತ್ರ), ಬ್ಯಾಂಕ್ ಸ್ಟೇಟ್‌ಮೆಂಟ್, ಒಡವೆಯ ಬಿಲ್ಲು, ಮದುವೆ ಫೋಟೊ ಎಲ್ಲ ಜೋಡಿಸಿಡಿ. ವಾಟ್ಸ್ಆ್ಯಪ್ ಸ್ಕ್ರೀನ್‌ಶಾಟ್ ಸುಮ್ನೆ ಪ್ರಿಂಟ್ ಹಾಕಿದರೆ ಸಾಲದು, ಅದಕ್ಕೆ ಪ್ರಮಾಣಪತ್ರವೂ ಬೇಕು.

ಪಾಲಿನ ದಾವೆಯಲ್ಲಿ ಸಾಮಾನ್ಯವಾಗಿ ಮೊದಲು ಬರುವುದು ಪ್ರಾಥಮಿಕ ಡಿಕ್ರಿ. ಅದು ನಿಮ್ಮ ಪಾಲು ಎಷ್ಟು ಎಂದಷ್ಟೇ ಹೇಳುತ್ತದೆ. ಅಳತೆ ಮಾಡಿ ಬೇರೆ ಮಾಡಲು ಅಂತಿಮ ಡಿಕ್ರಿ ಬೇಕು. ಫ್ಲ್ಯಾಟನ್ನು ಸೀಳಲಾಗದು, ಮಾರಿ ದುಡ್ಡು ಹಂಚಲು ಕೇಳಿ. ಅಂತಿಮ ಡಿಕ್ರಿಯನ್ನು ಸ್ಟಾಂಪ್ ಪೇಪರಿನ ಮೇಲೆ ಬರೆಸಿಕೊಳ್ಳದಿದ್ದರೆ ಜಾರಿ ಮಾಡಿಸಲಾಗದು. ಇಬ್ಬರೂ ಸಹಿ ಹಾಕಿದ ಗೃಹಸಾಲವಿದ್ದರೆ ಬ್ಯಾಂಕಿನವರು ಕಂತಿಗೆ ನಿಮ್ಮನ್ನೇ ಹಿಡಿಯುತ್ತಾರೆ. ಅವರ ಹತ್ತಿರ ಬೇರೆಯಾಗಿ ಮಾತಾಡಿ.